ಗವಿಯೂರಿನ ಹೆಸರು ಹೊತ್ತವರು

ಮೊದಲನೆಯ ಮಹಾಯುದ್ಧ ಮುಗಿದದ್ದು ಒಂದು ರೈಲು ಡಬ್ಬಿಯೊಳಗೆ. 1918ರ ನವೆಂಬರ್ 11ರ ನಸುಕಿನಲ್ಲಿ, ಫ್ರಾನ್ಸಿನ ಒಂದು ಕಾಡಿನ ನಡುವೆ ನಿಲ್ಲಿಸಿದ್ದ ಆ ಡಬ್ಬಿಯಲ್ಲಿ, ಕದನವಿರಾಮದ ಪತ್ರಕ್ಕೆ ಮಿತ್ರಪಕ್ಷದ ಕಡೆಯಿಂದ ಇಬ್ಬರು ರುಜು ಹಾಕಿದರು. ಒಬ್ಬ ಫ್ರೆಂಚ್ ಮಾರ್ಷಲ್ ಫಾಷ್. ಇನ್ನೊಬ್ಬ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥ, ಅಡ್ಮಿರಲ್ ರಾಸ್ಲಿನ್ ವೀಮ್ಸ್. ಮಾರನೆಯ ವರ್ಷ ಬ್ಯಾರನ್ ಪದವಿ ಬಂದಾಗ ಅವನು ತನ್ನ ಬಿರುದಿಗೆ ಆರಿಸಿಕೊಂಡದ್ದು 'ವೆಸ್ಟರ್ ವೀಮ್ಸ್' ಎಂಬ ಹೆಸರನ್ನು. ಮನೆತನದ ಹೆಸರು ವೀಮ್ಸ್, ಬಿರುದಿನಲ್ಲೂ ವೀಮ್ಸ್. ಎರಡೂ ಬಂದದ್ದು ಸ್ಕಾಟ್ಲೆಂಡಿನ ಫೈಫ್ ಸೀಮೆಯ ಒಂದು ಸಣ್ಣ ಕಡಲೂರಿನಿಂದ.

ಈ ಅಡ್ಮಿರಲ್ ನನಗೆ ಎದುರಾದದ್ದು ಮೈಸೂರು ಲಾನ್ಸರ್ಸ್ ಕುದುರೆಪಡೆಯ ಇತಿಹಾಸ ಓದುವಾಗ. 1914ರ ಕೊನೆಗೆ ಈಜಿಪ್ಟ್ ಸೇರಿದ ನಮ್ಮ ಸವಾರರು ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿದ್ದರು. 1916ರಲ್ಲಿ ಅದೇ ನೀರಿನ ಬ್ರಿಟಿಷ್ ಹಡಗುಗಳಿಗೆಲ್ಲ ಮೇಲಧಿಕಾರಿಯಾಗಿ ಬಂದವನು ವೀಮ್ಸ್. ದಂಡೆಯ ಮೇಲೆ ಮೈಸೂರಿನ ಕುದುರೆಗಳು, ನೀರಿನ ಮೇಲೆ ಅವನ ಹಡಗುಗಳು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಆ ಸವಾರರ ನೆನಪಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಒಂದು ಸ್ಮಾರಕವಿದೆ. ಅದರ ಮುಂದೆ ಹಾದುಹೋಗುವವರಲ್ಲಿ ನಿಂತು ಓದುವವರು ಕಡಿಮೆ.

ಧಾರವಾಡದ ಕಡೆಯವನಾದ ನನಗೆ ಊರಿನ ಹೆಸರೇ ಮನುಷ್ಯನ ಅಡ್ಡಹೆಸರಾಗುವುದು ಹೊಸದೇನಲ್ಲ. ಮಲ್ಲಿಕಾರ್ಜುನ ಮನ್ಸೂರರು ಮನಸೂರನ್ನು ಹೊತ್ತರು, ಗಂಗೂಬಾಯಿಯವರು ಹಾನಗಲ್ಲನ್ನು, ಕೀರ್ತಿನಾಥರು ಕುರ್ತಕೋಟಿಯನ್ನು. ಊರು ಬಿಟ್ಟು ಎಷ್ಟೋ ತಲೆಮಾರು ಕಳೆದರೂ ಹೆಸರು ಬಿಡುವುದಿಲ್ಲ. ನನ್ನ ಹೆಸರಿನ ಬಾಲಕ್ಕೂ ಒಂದು ಹಳ್ಳಿ ಅಂಟಿಕೊಂಡಿದೆ. ಹೆಸರು ಹೊತ್ತವರಿಗೆ ಊರು ಏನು ಕೊಟ್ಟಿದೆ ಎಂಬುದನ್ನು ನಾವು ಬಹಳ ಹೇಳಿಕೊಳ್ಳುತ್ತೇವೆ. ಊರಿಗೆ ಅವರಿಂದ ಏನು ಬಂತು ಎಂದು ಕೇಳುವುದಿಲ್ಲ. ಎಡಿನ್‌ಬರೋದಲ್ಲಿ ನೌಕರಿಯಲ್ಲಿರುವ ಅಣ್ಣನ ಮಗಳ ಮನೆಗೆ ಹೋದಾಗ ವೀಮ್ಸ್ ನೋಡಲೇಬೇಕೆಂದು ಹಟ ಹಿಡಿದದ್ದು ಇದೇ ಪ್ರಶ್ನೆ ಒಳಗೆ ಕೊರೆಯುತ್ತಿದ್ದುದರಿಂದ.

ಎಡಿನ್‌ಬರೋದಿಂದ ರೈಲು ಫೋರ್ತ್ ಅಳಿವೆಯನ್ನು 1890ರ ಆ ಕೆಂಪು ಉಕ್ಕಿನ ಸೇತುವೆಯ ಮೇಲೆ ದಾಟುತ್ತದೆ. ಕರ್ಕಾಡಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಅರ್ಥಶಾಸ್ತ್ರಕ್ಕೆ ಅಡಿಪಾಯ ಹಾಕಿದ ಆಡಮ್ ಸ್ಮಿತ್ ಹುಟ್ಟಿದ ಊರದು, ಮತ್ತೆ ಅವನ ಮಾತು ಬರುತ್ತದೆ.

"ಕಾಕಾ, ಇಲ್ಲೇ ಇಳೀಬೇಕ್ರಿ," ಎಂದು ಹುಡುಗಿ ಎಬ್ಬಿಸಿದ್ದು ಕೋಲ್‌ಟೌನ್ ಆಫ್ ವೀಮ್ಸ್ ಎಂಬಲ್ಲಿ. ವೀಮ್ಸ್ ಎಂದರೆ ಒಂದೇ ಊರಲ್ಲ. ಕಡಲಂಚಿಗೆ ಪಶ್ಚಿಮ ವೀಮ್ಸ್ ಮತ್ತು ಪೂರ್ವ ವೀಮ್ಸ್, ಒಳನಾಡಿಗೆ ಈ ಕೋಲ್‌ಟೌನ್. ಎರಡು ಕಡಲೂರುಗಳ ನಡುವೆ, ಬಂಡೆಯ ಮೇಲೆ, ವೀಮ್ಸ್ ಮನೆತನದ ಕೋಟೆ. ಕೋಲ್‌ಟೌನಿನಲ್ಲಿ ಗಣಿ ಕೆಲಸದವರಿಗೆಂದು ಜಮೀನುದಾರರು ಕಟ್ಟಿಸಿದ ಸಾಲುಮನೆಗಳು ಇಂದಿಗೂ ಅಚ್ಚುಕಟ್ಟಾಗಿವೆ. ಅಲ್ಲಿಂದ ಇಳಿಜಾರಿನ ದಾರಿ ಪಶ್ಚಿಮ ವೀಮ್ಸ್‌ಗೆ ಇಳಿಯುತ್ತದೆ.

ಪಶ್ಚಿಮ ವೀಮ್ಸ್ ಒಂದೇ ಬೀದಿಯ ಊರು. ನಡುವೆ ಗೋಪುರವಿರುವ ಹಳೆಯ ಚಾವಡಿ. ಹದಿನೆಂಟನೆಯ ಶತಮಾನದ ಮೊದಲಲ್ಲಿ ಅರ್ಲ್ ಡೇವಿಡ್ ವೀಮ್ಸ್ ಕಟ್ಟಿಸಿದ್ದು, ಸೆರೆಮನೆಯೂ ಅದೇ ಆಗಿತ್ತು. ಕೆಟ್ಟ ನಡತೆಯನ್ನು ಕೂಡಿಹಾಕಲು ಇದನ್ನು ಕಟ್ಟಿದೆ ಎಂಬರ್ಥದ ಮಾತು ಕಲ್ಲಿನ ಮೇಲಿದೆ. ಬೀದಿಯ ಕೊನೆಗೆ ಬಂದರು. ಕಲ್ಲಿದ್ದಲನ್ನು ಹೊತ್ತ ಹಡಗುಗಳು ಇಲ್ಲಿಂದ ಹೊರಡುತ್ತಿದ್ದವು. ಈಗ ಕೆಲವು ಸಣ್ಣ ದೋಣಿಗಳು ಮಾತ್ರ.

ಈ ದಂಡೆಯ ಸಿರಿ ಎರಡು, ಕಲ್ಲಿದ್ದಲು ಮತ್ತು ಉಪ್ಪು. ಎರಡೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಮಾರುವ ಯೋಗ್ಯತೆಯಿಲ್ಲದ ಪುಡಿ ಕಲ್ಲಿದ್ದಲನ್ನು ಉರಿಸಿ, ದೊಡ್ಡ ಕಬ್ಬಿಣದ ಬಾಣಲೆಗಳಲ್ಲಿ ಕಡಲ ನೀರನ್ನು ಕುದಿಸಿ ಉಪ್ಪು ತೆಗೆಯುತ್ತಿದ್ದರು. ನಮ್ಮ ಸಾಣಿಕಟ್ಟೆಯ ಗದ್ದೆಗಳಲ್ಲಿ ಬಿಸಿಲು ಮಾಡುವ ಕೆಲಸವನ್ನು ಇಲ್ಲಿ ಬೆಂಕಿ ಮಾಡಬೇಕಿತ್ತು. ಆ ಬೆಂಕಿಯ ಮುಂದೆ ನಿಂತವರ ಬದುಕಿನ ಬಗ್ಗೆ ಓದಿಕೊಂಡೇ ನಾನು ಹೋಗಿದ್ದೆ. ಆದರೂ ಆ ಬಂದರಿನ ಗೋಡೆಗೆ ಒರಗಿ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಯಿತು. 1606ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಗಣಿಯಲ್ಲಿ ದುಡಿಯುವವನು, ಉಪ್ಪು ಕುದಿಸುವವನು ಒಡೆಯನ ಒಪ್ಪಿಗೆಯ ಪತ್ರವಿಲ್ಲದೆ ಬೇರೆಡೆ ಕೆಲಸಕ್ಕೆ ಹೋಗುವಂತಿಲ್ಲ. ಹೋದರೆ ಕಳ್ಳನೆಂದು ಹಿಡಿದು ತರಬಹುದು. ಗಣಿ ಮಾರಾಟವಾದರೆ ಗಣಿಯ ಜೊತೆಗೆ ಆಳುಗಳೂ ಹೊಸ ಒಡೆಯನಿಗೆ ಸಲ್ಲುತ್ತಿದ್ದರು. ಮಗು ಹುಟ್ಟಿ ದೀಕ್ಷಾಸ್ನಾನವಾಗುವಾಗ ತಂದೆಯ ಕೈಗೆ ಒಡೆಯ ಒಂದಿಷ್ಟು ಮುಂಗಡ ಇಡುತ್ತಿದ್ದ. ಅದನ್ನು ತೆಗೆದುಕೊಂಡರೆ ಮಗುವೂ ಗಣಿಗೆ ಸೇರಿದಂತೆ. ಈ ಜೀತಕ್ಕೆ ಪೂರ್ತಿ ಕೊನೆಯಾದದ್ದು 1799ರಲ್ಲಿ. ಇದೇ ದಂಡೆಯಲ್ಲಿ ಬೆಳೆದ ಆಡಮ್ ಸ್ಮಿತ್ ತನ್ನ ಪಾಠಗಳಲ್ಲಿ, ನಮ್ಮ ದೇಶದಲ್ಲಿ ಗುಲಾಮಗಿರಿಯ ಪಳೆಯುಳಿಕೆ ಇನ್ನೂ ಇದೆ ಎಂದು ತೋರಿಸಿಕೊಟ್ಟದ್ದು ಈ ಗಣಿಯವರನ್ನು, ಉಪ್ಪಿನವರನ್ನು ನೋಡಿಯೇ.

ಅಂದರೆ ಈ ಊರಿಗೂ ಮನುಷ್ಯರಿಗೂ ಎರಡು ಬಗೆಯ ನಂಟು. ಮೇಲಿನ ಕೋಟೆಯವರು ಊರಿನ ಹೆಸರನ್ನು ಹೊತ್ತು ಲೋಕವೆಲ್ಲ ತಿರುಗಿದರು. ಕೆಳಗಿನವರಿಗೆ ಊರೇ ಕಟ್ಟಿಹಾಕಿದ ಹಗ್ಗ.

ದಂಡೆಯ ದಾರಿ ಹಿಡಿದು ಪೂರ್ವಕ್ಕೆ ನಡೆದೆವು. ಫೈಫ್ ಕರಾವಳಿಯುದ್ದಕ್ಕೂ ಸಾಗುವ ಕಾಲುದಾರಿಯಿದು, ಕೋಟೆಯ ಬುಡದಲ್ಲೇ ಹಾದುಹೋಗುತ್ತದೆ. ಕೋಟೆಯಲ್ಲಿ ಇಂದಿಗೂ ಮನೆತನದವರ ವಾಸ. 1290ರಲ್ಲಿ ಎಳೆಯ ರಾಣಿ ಮಾರ್ಗರೆಟಳನ್ನು ನಾರ್ವೆಯಿಂದ ಕರೆತರಲು ಹೋದ ಸರದಾರರಲ್ಲಿ ಒಬ್ಬ ವೀಮ್ಸ್ ಇದ್ದ. ಮಗು ಸ್ಕಾಟ್ಲೆಂಡಿನ ನೆಲ ಕಾಣುವ ಮೊದಲೇ ಆರ್ಕ್ನಿ ದ್ವೀಪದಲ್ಲಿ ತೀರಿಕೊಂಡಿತು. 1565ರ ಫೆಬ್ರವರಿಯಲ್ಲಿ ಮೇರಿ ರಾಣಿ ತನ್ನ ಮುಂದಿನ ಗಂಡ ಡಾರ್ನ್‌ಲಿಯನ್ನು ಭೇಟಿಯಾದದ್ದು ಈ ಕೋಟೆಯಲ್ಲಿ. ಆ ಮದುವೆ ಹೇಗೆ ಮುಗಿಯಿತೆಂಬುದು ಲೋಕಕ್ಕೆ ಗೊತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇವರ್ಯಾರೂ ಅಲ್ಲ, ಲಾರ್ಡ್ ಎಲ್ಕೊ. ಅರ್ಲ್ ಪದವಿಗೆ ವಾರಸುದಾರನಾಗಬೇಕಿದ್ದ ಈ ಡೇವಿಡ್ ವೀಮ್ಸ್ 1745ರ ಬಂಡಾಯದಲ್ಲಿ ರಾಜಕುಮಾರ ಚಾರ್ಲ್ಸ್ ಎಡ್ವರ್ಡನ ಬೆನ್ನಿಗೆ ನಿಂತ. ಅವನ ಅಂಗರಕ್ಷಕ ಪಡೆಯನ್ನು ನಡೆಸಿದ, 1500 ಗಿನಿ ಸಾಲವನ್ನೂ ಕೊಟ್ಟ. ಮರುವರ್ಷ ಕಲೊಡೆನ್‌ನಲ್ಲಿ ಎಲ್ಲ ಮುಗಿಯಿತು. ಎಲ್ಕೊ ದೇಶಬಿಟ್ಟು ಓಡಿದ, ಹಕ್ಕುಗಳನ್ನು ಕಳೆದುಕೊಂಡ, ಆ ಸಾಲವನ್ನು ವಾಪಸು ಕೇಳುತ್ತಲೇ ವರ್ಷಗಳನ್ನು ಕಳೆದು 1787ರಲ್ಲಿ ಪ್ಯಾರಿಸಿನಲ್ಲಿ ಸತ್ತ. ಅವನ ನಂತರ ಮನೆತನ ಎರಡಾಗಿ ಸೀಳಿತು. ಅರ್ಲ್ ಬಿರುದು ಒಬ್ಬ ತಮ್ಮನ ಪಾಲಾಯಿತು. ಅವನು ತಾಯಿಯ ಕಡೆಯ ಆಸ್ತಿಗಾಗಿ ಚಾರ್ಟರಿಸ್ ಎಂದು ಹೆಸರು ಬದಲಿಸಿಕೊಂಡಿದ್ದ. ವೀಮ್ಸ್‌ನ ನೆಲ, ಕೋಟೆ ಇನ್ನೊಬ್ಬ ತಮ್ಮನಿಗೆ ಹೋದವು. ಹೀಗಾಗಿ 'ಅರ್ಲ್ ಆಫ್ ವೀಮ್ಸ್' ಎನಿಸಿಕೊಳ್ಳುವವನ ಅಡ್ಡಹೆಸರು ವೀಮ್ಸ್ ಅಲ್ಲ, ವೀಮ್ಸ್ ಊರೂ ಅವನದಲ್ಲ. ಅವರ ಅರಮನೆ ಗಾಸ್‌ಫರ್ಡ್ ಇರುವುದು ಅಳಿವೆಯ ಆಚೆ ದಡದಲ್ಲಿ. ಆ ದಿನ ಮಬ್ಬಿರಲಿಲ್ಲ. ಆಚೆಯ ತೀರ ನೀಲಿ ಗೆರೆಯಂತೆ ಕಾಣುತ್ತಿತ್ತು. ಬಿರುದು ಅತ್ತ, ಊರು ಇತ್ತ, ನಡುವೆ ಸಮುದ್ರ. ಇನ್ನೂರು ವರ್ಷಕ್ಕೂ ಮೀರಿದ ಈ ಪಾಲುಪಟ್ಟಿಯನ್ನು ಒಂದೇ ನೋಟದಲ್ಲಿ ಕಂಡಂತಾಯಿತು.

ಹೆಸರು ಅಷ್ಟಕ್ಕೇ ನಿಲ್ಲಲಿಲ್ಲ. ಕರ್ಕಾಡಿಯ ಒಂದು ಕುಂಬಾರಿಕೆ ಕಾರ್ಖಾನೆ 1882ರ ಸುಮಾರಿಗೆ ದಪ್ಪ ದಪ್ಪ ಗುಲಾಬಿ ಬಿಡಿಸಿದ ಹೂದಾನಿ, ಹಂದಿ, ಬೆಕ್ಕುಗಳನ್ನು ಮಾಡತೊಡಗಿತು. ಅದರ ಕುಂಚದ ಹಿಂದಿದ್ದವನು ಬೊಹೀಮಿಯಾದಿಂದ ಬಂದ ಕಾರೆಲ್ ನೆಕೊಲಾ. ಕೋಟೆಯ ಮನೆಯವರು ಆಸರೆ ಕೊಟ್ಟದ್ದರಿಂದ ಅದಕ್ಕೂ ವೀಮ್ಸ್ ಎಂದೇ ಹೆಸರಾಯಿತು. ಇಂದು ಹರಾಜಿನಲ್ಲಿ ಆ ಮಣ್ಣಿನ ಹಂದಿಗಳಿಗೆ ಬೆಲೆ ಬಹಳ.

ಅಟ್ಲಾಂಟಿಕ್ ದಾಟಿದವರ ಕಥೆ ಇನ್ನೂ ದೊಡ್ಡದು. ಅಮೆರಿಕದಲ್ಲಿ ಈ ಹೆಸರಿನ ಅಕ್ಷರಗಳು ಸಡಿಲಗೊಂಡು ಉಚ್ಚಾರಕ್ಕೆ ತಕ್ಕಂತಾದವು. ಮೇರಿಲ್ಯಾಂಡಿನ ಪಾದ್ರಿ ಮೇಸನ್ ಲಾಕ್ ವೀಮ್ಸ್ (1759–1825) ಊರೂರು ಸುತ್ತಿ ಪುಸ್ತಕ ಮಾರುತ್ತಿದ್ದವನು. ಜಾರ್ಜ್ ವಾಷಿಂಗ್ಟನ್ನನ ಜೀವನಚರಿತ್ರೆ ಬರೆದ. ಬಾಲಕ ವಾಷಿಂಗ್ಟನ್ ಕೊಡಲಿಯಿಂದ ಚೆರ್ರಿ ಮರಕ್ಕೆ ಪೆಟ್ಟು ಹಾಕಿ, ಅಪ್ಪನ ಮುಂದೆ ಸುಳ್ಳು ಹೇಳಲಾರೆನೆಂದು ಒಪ್ಪಿಕೊಂಡ ಕಥೆ ಸೇರಿದ್ದು ಆ ಪುಸ್ತಕದ 1806ರ ಮುದ್ರಣದಲ್ಲಿ. ಅದಕ್ಕೆ ಆಧಾರವಿಲ್ಲವೆಂದು ಇತಿಹಾಸಕಾರರು ಎಂದೋ ಹೇಳಿದ್ದಾರೆ. ಆದರೂ ಆ ಕಥೆ ನಮ್ಮ ಹಳ್ಳಿಯ ಕನ್ನಡ ಶಾಲೆಯವರೆಗೆ ಬಂತು. ಚೆರ್ರಿ ಎಂದರೆ ಏನೆಂದು ಮಾಸ್ತರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಸತ್ಯದ ಪಾಠ ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಅದೇ ಮೇರಿಲ್ಯಾಂಡಿನಲ್ಲಿ ಇನ್ನೊಬ್ಬಳು ವೀಮ್ಸ್ ಇದ್ದಳು. ಅವಳ ಹೆಸರು ಆನ್ ಮರಿಯಾ. ಸುಮಾರು 1840ರಲ್ಲಿ ಗುಲಾಮಳಾಗಿ ಹುಟ್ಟಿದವಳು. ಗುಲಾಮರಿಗೆ ಒಡೆಯರ ಮನೆತನಗಳ ಹೆಸರು ಅಂಟಿಕೊಳ್ಳುತ್ತಿದ್ದ ಕಾಲ ಅದು. ಹಣ ಕೊಟ್ಟು ಬಿಡಿಸಿಕೊಳ್ಳಲು ಹಿತೈಷಿಗಳು ಮುಂದಾದರೂ ಅವಳ ಒಡೆಯ ಒಪ್ಪಲಿಲ್ಲ. 1855ರ ಶರತ್ಕಾಲದಲ್ಲಿ, ಹದಿನೈದರ ಆ ಹುಡುಗಿ ಕೂದಲು ಕತ್ತರಿಸಿ, ಗಂಡುಡುಗೆ ತೊಟ್ಟು, ಸಾರೋಟಿನ ಹುಡುಗನ ವೇಷದಲ್ಲಿ ತಪ್ಪಿಸಿಕೊಂಡಳು. ವಾಷಿಂಗ್ಟನ್‌ನಲ್ಲಿ ಗುಲಾಮಗಿರಿ ವಿರೋಧಿ ವೈದ್ಯನೊಬ್ಬ ಅವಳನ್ನು ಸಾರೋಟಿಗೆ ಹತ್ತಿಸಿಕೊಂಡದ್ದು ವೈಟ್ ಹೌಸ್ ಎದುರಿನಲ್ಲೇ. ಅಲ್ಲಿಂದ ಫಿಲಡೆಲ್ಫಿಯಾ, ನ್ಯೂಯಾರ್ಕ್, ಕೊನೆಗೆ ಕೆನಡಾ. ಅಡ್ಮಿರಲ್‌ನ ರುಜುವಿಗಿಂತ, ಎಲ್ಕೊನ ಗಿನಿಗಳಿಗಿಂತ, ಈ ಹೆಸರನ್ನು ದೊಡ್ಡದು ಮಾಡಿದವಳು ನನ್ನ ಲೆಕ್ಕದಲ್ಲಿ ಈ ಹುಡುಗಿ. ಉಪ್ಪಿನ ಬಾಣಲೆಗಳ ದಂಡೆಯಲ್ಲಿ ನಡೆಯುವಾಗ ಅವಳೇ ಮತ್ತೆ ಮತ್ತೆ ನೆನಪಾಗುತ್ತಿದ್ದಳು.

ಪೂರ್ವ ವೀಮ್ಸ್ ಸೇರುವಷ್ಟರಲ್ಲಿ ಮಧ್ಯಾಹ್ನ. ಈ ಊರುಗಳಿಗೆ ಹೆಸರು ಬಂದದ್ದೇ ಇಲ್ಲಿನ ಗವಿಗಳಿಂದ. ಗವಿ ಎಂಬರ್ಥದ ಗೇಲಿಕ್ ಮಾತೇ ಸವೆದು ವೀಮ್ಸ್ ಆಗಿದೆ. ಸಾವಿರಾರು ವರ್ಷಗಳ ಹಿಂದೆ ಸಮುದ್ರ ಈಗಿನದಕ್ಕಿಂತ ಎತ್ತರದಲ್ಲಿದ್ದಾಗ ಅಲೆಗಳು ಮರಳುಗಲ್ಲನ್ನು ಕೊರೆದು ಮಾಡಿದ ಗವಿಗಳಿವು. ಬೇಸಿಗೆಯ ಕೆಲವು ಭಾನುವಾರಗಳಂದು ಊರಿನ ಸ್ವಯಂಸೇವಕರು ಜನರನ್ನು ಕರೆದೊಯ್ದು ತೋರಿಸುತ್ತಾರೆ. ನಮಗೆ ಸಿಕ್ಕವರು ಅರವತ್ತು ದಾಟಿದ, ಗಣಿ ಕಾರ್ಮಿಕರೊಬ್ಬರ ಮಗಳು. ಮಳೆಯಂಗಿ, ಕೈಯಲ್ಲಿ ದೊಡ್ಡ ಟಾರ್ಚು.

ಮೊದಲು ಕೋರ್ಟ್ ಗವಿ. ನಂತರ ಪಾರಿವಾಳದ ಗವಿ. ಅದರ ಗೋಡೆಯಲ್ಲಿ ಸಾಲುಸಾಲಾಗಿ ಚೌಕ ಗೂಡುಗಳು. ಚಳಿಗಾಲದಲ್ಲಿ ಮಾಂಸ ಸಿಗದ ಕಾಲಕ್ಕೆಂದು ಪಾರಿವಾಳ ಸಾಕಲು ಕಡೆದವು. ಪಕ್ಕದ ಪಶ್ಚಿಮದ ಪಾರಿವಾಳ ಗವಿ ಈಗಿಲ್ಲ. ಮೊದಲ ಮಹಾಯುದ್ಧದ ಶುರುವಿನಲ್ಲಿ ಅದರ ನೆತ್ತಿಯ ಮೇಲೆ ಫಿರಂಗಿ ಹೂಡಿದರು, ಗವಿ ಕುಸಿಯಿತು. ಯುದ್ಧ ಮುಗಿಸುವ ಪತ್ರಕ್ಕೆ ಸಹಿ ಹಾಕಿದ ವೀಮ್ಸ್‌ನ ಊರೇ ಆ ಯುದ್ಧಕ್ಕೆ ತನ್ನದೊಂದು ಗವಿಯನ್ನು ತೆತ್ತಿತ್ತು. ಬಾವಿ ಗವಿಗೆ ಹೊಸ ವರ್ಷದ ಮೊದಲ ಸೋಮವಾರ ಊರಿನ ಮಂದಿ ಪಂಜು ಹಿಡಿದು ಮೆರವಣಿಗೆ ಹೋಗಿ ನೀರು ಕುಡಿದು ಬರುತ್ತಿದ್ದರಂತೆ. ಅದರ ಮೇಲ್ಗಡೆ ಮ್ಯಾಕ್‌ಡಫ್ ಕೋಟೆಯ ಅಳಿದುಳಿದ ಗೋಡೆ.

ಕೊನೆಯದು ಜಾನಥನ್ ಗವಿ. ಇಲ್ಲಿ ಒಂದು ಕಾಲಕ್ಕೆ ಸಂಸಾರ ಹೂಡಿದ್ದವನ ಹೆಸರದು. ಬಾಯಿಗೆ ಕಬ್ಬಿಣದ ಸರಳು. ಬೀಗ ತೆಗೆದು ಒಳಗೆ ಬಿಟ್ಟ ಆಕೆ ಟಾರ್ಚನ್ನು ಗೋಡೆಗೆ ಒತ್ತಿ, ಅಡ್ಡಬೆಳಕು ಬೀಳುವಂತೆ ಓರೆಯಾಗಿ ಹಿಡಿದರು. ಅಲ್ಲಿಯವರೆಗೆ ಬರಿಗೋಡೆಯಾಗಿದ್ದ ಕಲ್ಲಿನಿಂದ ಎರಡು ವೃತ್ತಗಳು ಎದ್ದು ಬಂದವು, ನಡುವೆ ಅವನ್ನು ಜೋಡಿಸುವ ಪಟ್ಟಿ. ಬೆಳಕನ್ನು ಸರಿಸಿದಂತೆ ಒಂದು ಮೀನು, ಒಂದು ಪ್ರಾಣಿ, ಹುಟ್ಟುಗಳಿರುವ ಒಂದು ದೋಣಿ. ರೋಮನ್ನರ ಕಾಲದಿಂದ ಒಂಬತ್ತನೆಯ ಶತಮಾನದವರೆಗೆ ಈ ಸೀಮೆಯನ್ನಾಳಿದ ಪಿಕ್ಟ್ ಜನರ ಗುರುತುಗಳಿವು. ಗವಿಯ ಗೋಡೆಗಳ ಮೇಲೆ ಇಷ್ಟು ಪಿಕ್ಟ್ ಕೆತ್ತನೆಗಳು ಒಟ್ಟಿಗೆ ಬೇರೆಲ್ಲಿಯೂ ಸಿಗುವುದಿಲ್ಲ. ಆ ಚಿಹ್ನೆಗಳನ್ನು ಯಾರೂ ಇದುವರೆಗೆ ಓದಿಲ್ಲ. ಮನೆತನದ ಗುರುತುಗಳಿರಬಹುದು, ಹೆಸರುಗಳೇ ಇರಬಹುದು ಎನ್ನುವ ವಿದ್ವಾಂಸರಿದ್ದಾರೆ. ಆ ಮಾತು ನನಗೆ ಹಿಡಿಸಿತು. ಈ ದಂಡೆಯ ಮೊದಲ ಅಡ್ಡಹೆಸರುಗಳು ಇವೇ ಆಗಿದ್ದರೆ?

"ಕಾಕಾ, ಬಾದಾಮಿಯ ಗವಿ ನೋಡಿದ ಕಣ್ಣಿಗೆ ಇದು ಬಹಳ ಸಣ್ಣದ ಅನ್ನಸ್ತದ, ಅಲ್ಲೇನ್ರಿ?" ಎಂದಳು ಹುಡುಗಿ. ನನಗೆ ಹಾಗನ್ನಿಸಲಿಲ್ಲ. ಬಾದಾಮಿಯದು ಅರಸರ ಕೆಲಸ. ಇಲ್ಲಿ ಬೆರಳಗಲದ ಗೀರುಗಳು. ಯಾರೋ ಕೂತು, ಬಹುಶಃ ಬೆಂಕಿ ಕಾಯುತ್ತ, ತಾವು ಇಲ್ಲಿದ್ದೆವೆಂದು ಗೀಚಿಟ್ಟದ್ದು.

ಇವುಗಳನ್ನು ವಿದ್ವಾಂಸರ ಲೋಕಕ್ಕೆ ತಿಳಿಸಿದವನು ಜೇಮ್ಸ್ ಯಂಗ್ ಸಿಂಪ್ಸನ್, ಹೆರಿಗೆ ನೋವಿಗೆ ಕ್ಲೋರೋಫಾರ್ಮ್ ಬಳಸಿದ ಅದೇ ವೈದ್ಯ, 1865ರಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಜಾನ್ ಪ್ಯಾಟ್ರಿಕ್ ಎಂಬ ಛಾಯಾಗ್ರಾಹಕ ಫೋಟೋ ತೆಗೆದಿಟ್ಟ. ಆಮೇಲೆ ಅಳಿದುಹೋದ ಎಷ್ಟೋ ಕೆತ್ತನೆಗಳು ಈಗ ಅವನ ಚಿತ್ರಗಳಲ್ಲಿ ಮಾತ್ರ ಇವೆ. ಎಂಬತ್ತರ ದಶಕದಲ್ಲಿ ಯಾರೋ ಪುಂಡರು ಕಾರೊಂದನ್ನು ಈ ಜಾನಥನ್ ಗವಿಯೊಳಗೇ ತಂದು ಸುಟ್ಟರು. ಕಾವಿಗೆ ಕಲ್ಲು ಸಿಡಿಯಿತು. ಊರಿನವರು ಎಚ್ಚೆತ್ತು ಗವಿಗಳನ್ನುಳಿಸಲು ಸಂಘ ಕಟ್ಟಿಕೊಂಡದ್ದು ಆ ಬೆಂಕಿಯ ನಂತರ.

ಆಕೆ ಹೇಳಿದ ಇನ್ನೊಂದು ಬೆಂಕಿಯ ಮಾತನ್ನು ಮರೆಯಲಾರೆ. ಪೂರ್ವ ವೀಮ್ಸ್ ಬದಿಯಲ್ಲೇ ಮೈಕೆಲ್ ಗಣಿ, ಸ್ಕಾಟ್ಲೆಂಡಿನ ದೊಡ್ಡ ಗಣಿಗಳಲ್ಲೊಂದು. ಸುರಂಗಗಳು ಸಮುದ್ರದಡಿಗೆ ಚಾಚಿಕೊಂಡಿದ್ದವು. 1967ರ ಸೆಪ್ಟೆಂಬರ್ 9, ಶನಿವಾರ ಬೆಳಗಿನ ಜಾವ, ಒಳಗೆ ಬೆಂಕಿ ಹೊತ್ತಿತು. ಮುನ್ನೂರು ಮಂದಿ ಹೊಗೆಯಲ್ಲಿ ತಡಕಾಡುತ್ತ ಮೇಲೆ ಬಂದರು. ಒಂಬತ್ತು ಮಂದಿ ಬರಲಿಲ್ಲ. ಆಕೆ ಆಗ ಶಾಲೆಯ ಹುಡುಗಿ. ತಂದೆಯ ಪಾಳಿ ಬೇರೆಯಿತ್ತು. "ಬೀದಿಯ ಮನೆಗಳೆಲ್ಲ ಬಾಗಿಲು ತೆರೆದಿದ್ದವು. ಯಾರ ಮನೆಗೆ ಯಾರು ನಡೆದು ಹೋಗುತ್ತಾರೆಂದು ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು," ಎಂದರು. ಗಣಿ ಮತ್ತೆ ತೆರೆಯಲಿಲ್ಲ. ಊರಿನ ಅನ್ನವೇ ಒಂದು ದಿನದಲ್ಲಿ ನಿಂತುಹೋಯಿತು.

ಇಲ್ಲಿನ ಗಣಿ ಕೂಲಿಯವರ ಮನೆಯಲ್ಲಿ 1908ರಲ್ಲಿ ಹುಟ್ಟಿದ ಜಿಮ್ಮಿ ಶ್ಯಾಂಡ್ ಕೂಡ ಹದಿಹರೆಯದಲ್ಲೇ ಗಣಿಗಿಳಿದಿದ್ದ. 1926ರ ಮುಷ್ಕರದ ಮೇಲೆ ಗಣಿ ಬಿಟ್ಟು ಅಕಾರ್ಡಿಯನ್ ಹಿಡಿದ. ಸ್ಕಾಟ್ಲೆಂಡಿನ ಕುಣಿತದ ಸಂಗೀತವೆಂದರೆ ಅವನ ಹೆಸರು ಎನ್ನುವಂತಾಯಿತು. ವೀಮ್ಸ್ ಎಂಬ ಹೆಸರು ಹೊರದೆಯೂ ಊರಿಗೆ ಹೆಸರು ತಂದವನು.

ಗಣಿಯ ಕಸ ಗವಿಗಳನ್ನು ಕಾಯುತ್ತಿತ್ತು ಎಂಬುದು ಆಕೆಯ ಮಾತಿನಿಂದಲೇ ನನಗೆ ಮನದಟ್ಟಾದದ್ದು. ಹತ್ತಾರು ವರ್ಷ ಗಣಿಯವರು ಕಲ್ಲು ಮಣ್ಣಿನ ತ್ಯಾಜ್ಯವನ್ನು ದಂಡೆಗೆ ಸುರಿದರು. ಅದು ಕಪ್ಪು ಒಡ್ಡಾಗಿ ಬೆಳೆದು ಅಲೆಗಳನ್ನು ದೂರ ಇಟ್ಟಿತು. ಗಣಿ ಮುಚ್ಚಿ ಸುರಿಯುವುದು ನಿಂತ ಮೇಲೆ ಸಮುದ್ರ ಆ ಒಡ್ಡನ್ನು ತಿನ್ನುತ್ತ ಮತ್ತೆ ಗವಿಗಳ ಹೊಸ್ತಿಲಿಗೆ ಬರುತ್ತಿದೆ. ಅದಕ್ಕೇ ಸಂಘದವರು ಪುರಾತತ್ತ್ವಜ್ಞರ ಜೊತೆ ಸೇರಿ ಗೋಡೆಗಳನ್ನೆಲ್ಲ ಲೇಸರ್ ಕಿರಣದಿಂದ ಅಳೆದು ಕಂಪ್ಯೂಟರಿನಲ್ಲಿ ಉಳಿಸಿದ್ದಾರೆ. ಮನೆಯಲ್ಲಿ ಕೂತೇ ಒಂದೊಂದು ಗೀರನ್ನೂ ನೋಡಬಹುದು. ಕಲ್ಲೇ ಹೋದ ಮೇಲೆ ಅದರ ಲೆಕ್ಕ ಉಳಿದರೆ ಸಾಕೇ ಎಂದು ನಾನು ಕೇಳಿದೆ. ಸಾಲದು, ಅದಕ್ಕೇ ಪ್ರತಿ ಚಳಿಗಾಲದ ಬಿರುಗಾಳಿಯ ಮರುದಿನ ಇಲ್ಲಿ ಬಂದು ನೋಡುತ್ತೇವೆ ಎಂದರು ಆಕೆ.

ಅಮೆರಿಕದಿಂದ, ಕೆನಡಾದಿಂದ, ಆಸ್ಟ್ರೇಲಿಯಾದಿಂದ ವೀಮ್ಸ್ ಅಡ್ಡಹೆಸರಿನವರು ಬೇರು ಹುಡುಕಿ ಬರುತ್ತಾರಂತೆ. ಬಂದವರು ಕೋಟೆ ಎಲ್ಲಿ ಎಂದು ಕೇಳುತ್ತಾರೆ. ಆಕೆ ಅವರನ್ನು ಮೊದಲು ಕರೆದೊಯ್ಯುವುದು ಊರಿನೊಳಗಿನ ಗಣಿ ಸ್ಮಾರಕಕ್ಕೆ, ಆಮೇಲೆ ಗವಿಗಳಿಗೆ, ಸಮಯ ಉಳಿದರೆ ಕೋಟೆ ಕಾಣುವ ದಾರಿಗೆ. ನಾವೂ ಸ್ಮಾರಕದ ಬಳಿ ನಿಂತು ಒಂಬತ್ತು ಹೆಸರುಗಳನ್ನು ಓದಿದೆವು. ಅಲ್ಲೇ ನಾನು ಆಕೆಗೆ ಆನ್ ಮರಿಯಾಳ ಕಥೆ ಹೇಳಿದೆ. ಒಡೆಯನ ಪತ್ರವಿಲ್ಲದೆ ಊರು ಬಿಟ್ಟರೆ ಕಳ್ಳರೆನಿಸುತ್ತಿದ್ದ ನಿಮ್ಮ ಹಿರಿಯರಿಗೆ ಅವಳು ದೂರದವಳಲ್ಲ ಎಂದೆ. ಆಕೆ ಮಳೆಯಂಗಿಯ ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು, ಸ್ಮಾರಕದ ಕಲ್ಲಿನ ಮೇಲೆ ಇಟ್ಟುಕೊಂಡು ಬರೆಯತೊಡಗಿದರು. ವರ್ಷ ಕೇಳಿದರು, ಅಕ್ಷರಗಳನ್ನು ಬಿಡಿಬಿಡಿಯಾಗಿ ಕೇಳಿದರು. ನಮ್ಮ ಹುಡುಗಿ ಮೊಬೈಲಿನಲ್ಲಿ ಗಂಡುಡುಗೆಯ ಆ ಬಾಲೆಯ ಚಿತ್ರ ಹುಡುಕಿ ಮುಂದೆ ಹಿಡಿದಳು. ಮುಂದಿನ ಭಾನುವಾರದ ತಂಡಕ್ಕೆ ಇವಳ ಕಥೆಯನ್ನೂ ಹೇಳುತ್ತೇನೆ ಎಂದ ಆಕೆ, ಅವಳು ಕೆನಡಾದಲ್ಲಿ ಶಾಲೆಗೆ ಹೋದಳೇ, ಅವಳ ತಾಯಿ ಎಲ್ಲಿದ್ದಳು, ಎಂದು ಬಸ್ಸು ಬರುವವರೆಗೂ ಒಂದರ ಮೇಲೊಂದು ಕೇಳುತ್ತಲೇ ಇದ್ದರು.